ಹೋ ಅಂದರೆ ನಿಲ್ಲಬೇಕು

ಅವನ ಬಲಗೈಯ ಹೆಬ್ಬೆರಳು ಹಿಂದಕ್ಕೆ ತಿರುಗಿತ್ತು. ಸ್ವಲ್ಪ ಬಾಗಿತ್ತು ಅನ್ನುವ ಹಾಗಲ್ಲ, ಪೂರ್ತಿ ತಿರುಗಿ ಉಗುರು ಮಣಿಕಟ್ಟಿನ ಕಡೆ ನೋಡುತ್ತಿತ್ತು. ಚಹಾ ಬಸಿಗೆ ಸುರುವಿಕೊಂಡು ಕುಡಿಯುವಾಗ ಉಳಿದ ಬೆರಳುಗಳು ಬಸಿ ಹಿಡಿಯುತ್ತಿದ್ದವು, ಇದೊಂದು ಬೇರೆಯವರ ಮನೆಯ ಬೆರಳಿನ ಹಾಗೆ ಹೊರಗೆ ನಿಂತಿರುತ್ತಿತ್ತು. ಹಿಂದೆ ಯಾವಾಗಲೋ ಗಾಡಿ ಗೋಡೆಗೆ ಬಡಿದಾಗ ಸ್ಟೇರಿಂಗು ಗರ್ರನೆ ತಿರುಗಿ ಒಳಗೆ ಸಿಕ್ಕ ಬೆರಳನ್ನು ಮುರಿದಿತ್ತಂತೆ. ಗಾಡಿ ಕಲಿಯಲು ಬಂದವರಿಗೆ ಮೊದಲು ಅದನ್ನೇ ತೋರಿಸುತ್ತಿದ್ದ. ಹೆಬ್ಬೆರಳು ಚಕ್ರದೊಳಗೆ ಇಟ್ಟರೆ ಹೀಗಾಗುತ್ತದೆ, ಹೊರಗಿಡಿ ಅನ್ನುತ್ತಿದ್ದ. ಮಂದಿ ತಮ್ಮ ಸೊಟ್ಟ ಅಂಗ ಮುಚ್ಚಿಕೊಳ್ಳುತ್ತಾರೆ. ಇವನು ಅದರ ಮೇಲೆ ಶಾಲೆ ನಡೆಸಿದ.

ಮೊಮ್ಮಗಳು ಅವನನ್ನು ಸರ್ ಅನ್ನುತ್ತಿದ್ದಳು. ನಾನು ಗಾಡಿ ಮಾಸ್ತರ ಅನ್ನುತ್ತಿದ್ದೆ. ಸಿಟ್ಟು ಬಂದಾಗ ಬೇರೆ ಏನೇನೋ ಅನ್ನುತ್ತಿದ್ದೆ. ಅವನು ಮರಾಠಿಯವನು, ಕನ್ನಡ ಒಂದಕ್ಷರ ಬರುತ್ತಿರಲಿಲ್ಲ. ಹಾಗಾಗಿ ಬೈಯಲು ಅಡ್ಡಿ ಇರಲಿಲ್ಲ.

ಪುಣೆಯ ಹತ್ತಿರ ಸಾಸವಡದ ಆಚೆ ಬೋಳು ಗುಡ್ಡಗಳ ನಡುವೆ ಯಾರೋ ಸಾಹುಕಾರ ಒಂದು ಟ್ರ್ಯಾಕು ಕಟ್ಟಿಸಿದ್ದಾನೆ. ಹಾವು ಸುತ್ತಿಕೊಂಡು ಮಲಗಿದ ಹಾಗೆ ಡಾಂಬರು ಹಾಕಿಸಿದ್ದಾನೆ. ಅದರ ಮೇಲೆ ಓಡುವವು ಸ್ಪೋರ್ಟ್ಸ್ ಕಾರು, ಕೂತರೆ ಅಂಡು ನೆಲಕ್ಕೆ ತಾಗುತ್ತದೆಯೇನೋ ಅನ್ನುವಂಥವು. ಪುಣೆಯ ದುಡ್ಡಿದ್ದವರು ಶನಿವಾರ ರವಿವಾರ ಅಲ್ಲಿಗೆ ಹೋಗಿ ಜೀವ ಹೋಗುವ ಹಾಗೆ ಗಾಡಿ ಓಡಿಸಿ, ಎಲ್ಲಿಂದ ಹೊರಟಿದ್ದರೋ ಅಲ್ಲಿಗೇ ಬಂದು ನಿಲ್ಲುತ್ತಾರೆ. ಇದನ್ನು ಕಲಿಸಲು ಇವನು. ಇವನಿಗೆ ಸ್ವಂತ ಕಾರು ಇರಲಿಲ್ಲ. ಊರೊಳಗೆ ಒಂದು ಹಳೆಯ ಸ್ಕೂಟರ್ ಮೇಲೆ ಓಡಾಡುತ್ತಿದ್ದ, ಅದೂ ಎಡ ಅಂಚಿಗೆ ಹತ್ತಿಕೊಂಡು, ಹಾಲಿನವನ ಸೈಕಲ್ಲಿಗಿಂತ ಮೆಲ್ಲಗೆ. ನಮ್ಮ ಸದಾಶಿವ ಪೇಠದ ರಿಕ್ಷಾದವರು ಹಿಂದಿನಿಂದ ಹಾರ್ನು ಹೊಡೆದು ಹೊಡೆದು ಅವನ ಅಪ್ಪ ಅಮ್ಮನನ್ನು ಬೈದು ಮುಂದೆ ಹೋಗುತ್ತಿದ್ದರು. ಅವನು ತಿರುಗಿ ನೋಡುತ್ತಿರಲಿಲ್ಲ. ರಸ್ತೆಯಲ್ಲಿ ಎಲ್ಲರೂ ಎದುರಿನಿಂದ ಬರುತ್ತಾರೆ, ಟ್ರ್ಯಾಕಿನ ಮೇಲೆ ಎಲ್ಲರೂ ಒಂದೇ ಕಡೆ ಹೋಗುತ್ತಾರೆ, ಅದಕ್ಕೇ ನನಗೆ ರಸ್ತೆಯ ಹೆದರಿಕೆ ಅನ್ನುತ್ತಿದ್ದ. ಇದು ಅವನ ಬಾಯಿಪಾಠ. ಎಷ್ಟು ಸಲ ಕೇಳಿದ್ದೇನೋ ನನಗೆ ಗೊತ್ತಿಲ್ಲ.

ನನ್ನ ಮಗ ಸಾಸವಡಕ್ಕೆ ಹೋಗುವ ಘಾಟಿನಲ್ಲಿ ಲಾರಿಗೆ ಸಿಕ್ಕು ಸತ್ತ. ಅವನ ಹೆಂಡತಿ ಅದಕ್ಕೂ ಮೊದಲೇ ಕಾಮಣಿ ರೋಗದಲ್ಲಿ ಹೋಗಿದ್ದಳು. ಉಳಿದದ್ದು ಕೂಸು. ಪೇಠದಲ್ಲಿ ಪರೀಕ್ಷೆಯ ಕ್ಲಾಸಿಗೆ ಬರುವ ನಮ್ಮ ಕಡೆಯ ಹುಡುಗರಿಗೆ ಜೋಳದ ರೊಟ್ಟಿ ಬಡಿದು ಅವಳನ್ನು ಬೆಳೆಸಿದೆ. ಶಾಲೆಗೆ ಕರೆದುಕೊಂಡು ಹೋಗುವಾಗ ಪ್ರತಿ ರಸ್ತೆಯ ಅಂಚಿಗೆ ಬಂದ ಕೂಡಲೆ ಮುಂಗೈ ಜಗ್ಗಿ 'ಹೋ' ಅನ್ನುತ್ತಿದ್ದೆ. ಅದು ನಮ್ಮಪ್ಪ ಎತ್ತಿಗೆ ಅನ್ನುತ್ತಿದ್ದ ಮಾತು. ಧಾರವಾಡದ ಕಡೆ ಬಂಡಿ ಹೊಡೆಯುವವರು ಎತ್ತು ನಿಲ್ಲಿಸಬೇಕಾದರೆ ಹಾಗೇ ಅನ್ನುತ್ತಾರೆ. ಎತ್ತು ನಿಲ್ಲುತ್ತಿತ್ತು, ಕೂಸೂ ನಿಲ್ಲುತ್ತಿತ್ತು.

ಅಂಥ ಕೂಸು ದೊಡ್ಡವಳಾಗಿ ಮಗರಪಟ್ಟಾದಲ್ಲಿ ನೌಕರಿ ಹಿಡಿದ ಮೇಲೆ ಶನಿವಾರಕ್ಕೊಮ್ಮೆ ಗೆಳತಿಯ ಮನೆಗೆ ಹೋಗಿ ಬರುತ್ತೇನೆ ಅನ್ನಲು ಶುರುಮಾಡಿದಳು. ಬರುವಾಗ ಎರಡೂ ಕೆನ್ನೆಯ ಮೇಲೆ ಕೆಂಪು ಬರೆ ಇರುತ್ತಿದ್ದವು. ಯಾರೋ ಗಲ್ಲ ಹಿಡಿದು ಹಿಂಡಿದ ಹಾಗೆ. ನಾನು ಮೊದಲು ಬೇರೆ ಏನೋ ಎಣಿಸಿದೆ. ಅದಾದರೂ ಆಗಿದ್ದರೆ ಚಿಂತೆ ಇರಲಿಲ್ಲ, ಲಗ್ನ ಮಾಡಿಬಿಡಬಹುದಿತ್ತು. ಕೂಡಿಸಿ ಕೇಳಿದರೆ, ಹೆಲ್ಮೆಟ್ಟಿನ ಗುರುತು ಅಂದಳು. ಟ್ರ್ಯಾಕಿನ ಮೇಲೆ ಗಾಡಿ ಓಡಿಸುತ್ತಿದ್ದಳಂತೆ. ಅಪ್ಪ ಸತ್ತ ಘಾಟು ದಾಟಿ ಹೋಗಿ ಓಡಿಸುತ್ತಿದ್ದಳಂತೆ. ಮಾಸ್ತರ ಅವಳನ್ನು ರೇಸಿಗೆ ತಯಾರು ಮಾಡುತ್ತಿದ್ದಾನಂತೆ, ಕೈ ಚಲೋ ಇದೆ ಅಂದಿದ್ದಾನಂತೆ.

ಆ ವಾರ ಅವಳ ಕೂಡ ನಾನು ಮಾತಾಡಲಿಲ್ಲ. ಶನಿವಾರ ಬೆಳಿಗ್ಗೆ ಅವಳಿಗಿಂತ ಮೊದಲು ಸೀರೆ ಉಟ್ಟು ಬಾಗಿಲಲ್ಲಿ ನಿಂತೆ. ನಡಿ, ನಿಮ್ಮ ಮಾಸ್ತರನ ಮುಖ ನೋಡಬೇಕು ಅಂದೆ.

ನೋಡಿದೆ. ಬೆಂಚಿನ ಮೇಲೆ ಕೂತು ಶೇಂಗಾ ತಿನ್ನುತ್ತಿದ್ದ. ನನ್ನನ್ನು ಕಂಡು ಎದ್ದು 'ಯಾ ಆಜಿ' ಅಂದ, ಬನ್ನಿ ಅಜ್ಜಿ ಅಂತ. ಅವನಿಗೂ ನನಗೂ ವಯಸ್ಸಿನಲ್ಲಿ ಅಂಥ ಅಂತರ ಇರಲಿಲ್ಲ, ಆದರೂ ಅಜ್ಜಿ ಮಾಡಿಬಿಟ್ಟ. ನನ್ನ ಮರಾಠಿ ಕಾಯಿಪಲ್ಲೆ ಕೊಳ್ಳುವ ಮರಾಠಿ. ಅದರಲ್ಲಿ ಎಷ್ಟು ಬೈಯಬಹುದೋ ಅಷ್ಟು ಬೈದೆ. ಈ ಹುಡುಗಿಯನ್ನು ಬಿಟ್ಟರೆ ನನಗೆ ಯಾರೂ ಇಲ್ಲ, ಅವಳಿಗೆ ಏನಾದರೂ ಆದರೆ ನೀನು ತಂದುಕೊಡುತ್ತೀಯಾ ಅಂದೆ. ಗಾಣದ ಎತ್ತೂ ಸುತ್ತುತ್ತದೆ, ಎಣ್ಣೆಯಾದರೂ ಬರುತ್ತದೆ, ಇಲ್ಲಿ ಏನು ಬರುತ್ತದೆ ಅಂದೆ. ಶೇಂಗಾ ತಿನ್ನುತ್ತಾ ಎಲ್ಲ ಕೇಳಿದ. ಆಮೇಲೆ ಒಂದು ಮಾತು ಅಂದ. ನನ್ನ ಪಕ್ಕ ಕೂತು ಒಂದು ಸುತ್ತು ಬನ್ನಿ, ಗಾಡಿಯೊಳಗೆ ಕೂತು ನೀವು ಏನು ಹೇಳುತ್ತೀರೋ ಅದೇ ಕೊನೆಯ ಮಾತು, ನೀವು ನಕೋ, ಬೇಡ ಅಂದರೆ ನಾಳೆಯಿಂದ ಇವಳನ್ನು ಗೇಟಿನ ಒಳಗೆ ಬಿಡುವುದಿಲ್ಲ. ಅಲ್ಲಿದ್ದ ಮೆಕ್ಯಾನಿಕರು, ಗಾಡಿಯವರು ಎಲ್ಲರೂ ಕೇಳಿಸಿಕೊಂಡರು. ನನಗೆ ಒಳಗೇ ಖುಷಿ ಆಯಿತು. ನಕೋ ಅನ್ನಲು ಎಷ್ಟು ಹೊತ್ತು ಬೇಕು?

ಕೆಂಪು ಗಾಡಿ. ನನ್ನನ್ನು ಇಬ್ಬರು ಹಿಡಿದು ಒಳಗೆ ಇಳಿಸಿದರು, ಬಾವಿಗೆ ಕೊಡ ಇಳಿಸಿದ ಹಾಗೆ. ಹೆಲ್ಮೆಟ್ಟು ಹಾಕಿದರು, ತುರುಬು ಬಿಚ್ಚಿಹೋಯಿತು. ಎದೆಯ ಮೇಲೆ ಅಡ್ಡ ಉದ್ದ ಪಟ್ಟಿ ಬಿಗಿದರು. ಮಾಸ್ತರ ಸ್ಟೇರಿಂಗು ಹಿಡಿದ. ಆ ಸೊಟ್ಟ ಬೆರಳು ನನ್ನ ಕಡೆಗೇ ಮುಖ ಮಾಡಿತ್ತು.

ಆಮೇಲೆ ಆದದ್ದನ್ನು ಹೇಗೆ ಬರೆಯಬೇಕೋ ತಿಳಿಯದು. ನಾನು ಓದಿದ್ದು ಮೂರನೇ ಇಯತ್ತೆ, ಆ ಮಾತುಗಳು ಅದಕ್ಕೆ ಸಾಲುವುದಿಲ್ಲ. ಹೊಟ್ಟೆ ಹಿಂದೆ ಉಳಿಯಿತು, ನಾನು ಮುಂದೆ ಹೋದೆ. ಗೋಡೆ ಎದುರಿಗೆ ಬಂತು. ಬಂದೇ ಬಂತು. ಹತ್ತಿರ ಬಂದ ಮೇಲೂ ಇವನು ತಿರುಗಿಸಲಿಲ್ಲ. ಗಾಡಿಗೆ ಇಳಿದಾಗಿನಿಂದ ನಕೋ ನಕೋ ಅಂತ ಬಾಯಿಪಾಠ ಮಾಡಿಕೊಂಡಿದ್ದೆ. ಆ ಹೊತ್ತಿಗೆ ಮರಾಠಿ ಪೂರ್ತಿ ಮರೆತುಹೋಯಿತು. ನನ್ನ ಬಾಯಿಂದ ಬಂದದ್ದು ನಮ್ಮಪ್ಪನ ಮಾತು.

"ಹೋ!" ಅಂದೆ. "ಹೋ! ಹೋ!"

ಮರಾಠಿಯಲ್ಲಿ ಹೋ ಅಂದರೆ ಹೌದು.

ಅವನ ಮುಖ ಅರಳಿತು. "ಅಜೂನ್?" ಅಂದ. ಇನ್ನೂ ಬೇಕೇ ಅಂತ. ನಾನು ಇನ್ನೂ ಜೋರಾಗಿ ಹೋ ಅಂದೆ. ಅವನು ಇನ್ನೂ ಜೋರಾಗಿ ಬಿಟ್ಟ. ಆ ಒಂದು ಸುತ್ತಿನಲ್ಲಿ ನಾನು ಎಷ್ಟು ಬಾರಿ ನಿಲ್ಲಿಸು ಅಂದೆನೋ ಅಷ್ಟು ಬಾರಿ ಅವನು ಓಡಿಸಿದ.

ನಿಂತ ಮೇಲೆ ನಾನು ಬಾಗಿಲಿಗೆ ಜೋತುಬಿದ್ದು ವಾಂತಿ ಮಾಡಿಕೊಂಡೆ. ಅವನು ಆಚೆ ಕಡೆಯಿಂದ ಇಳಿದು, ಆಜಿ ಹೋ ಅಂದರು, ಒಂದು ಸಲ ಅಲ್ಲ, ಸುತ್ತಿನ ತುಂಬ ಹೋ ಅಂದರು ಅಂತ ಎಲ್ಲರಿಗೂ ಸಾರಿದ. ಮೊಮ್ಮಗಳಿಗೆ ಆ ಕೂಡಲೆ ಗೊತ್ತಾಯಿತು. ಬಾಯಿಗೆ ಓಢಣಿ ಒತ್ತಿಕೊಂಡು ಕೂತುಬಿಟ್ಟಳು. ನಗುತ್ತಿದ್ದಳು, ಹಲ್ಕಟ್. ನಾನು ಅವನಿಗೆ ತಿಳಿಸಿ ಹೇಳಿದೆ, ಅದು ಎತ್ತು ನಿಲ್ಲಿಸುವ ಮಾತು, ನಾನು ಹೌದು ಅಂದಿಲ್ಲ ಅಂದೆ. ಅವನು ಕೇಳಿ ಕೆಮ್ಮು ಹತ್ತುವ ತನಕ ನಕ್ಕ.

"ಗಾಡೀತ್ ಬೋಲಲಾತ್ ತೇ ಶೇವಟಚಂ, ಆಜಿ," ಅಂದ. ಗಾಡಿಯೊಳಗೆ ಅಂದದ್ದೇ ಕೊನೆ ಮಾತು.

"ಭಾಡ್ಯಾ," ಅಂದೆ. ಆ ಬೈಗುಳ ಎರಡೂ ಭಾಷೆಯಲ್ಲಿ ಒಂದೇ. ಅದು ಮಾತ್ರ ಅವನಿಗೆ ಸರಿಯಾಗಿ ತಿಳಿಯಿತು.

ಹುಡುಗಿ ಟ್ರ್ಯಾಕಿನಲ್ಲೇ ಉಳಿದಳು. ಆಡಿದ ಮಾತಿಗೆ ನಾನು ಕಟ್ಟುಬಿದ್ದೆ ಅಂತಲ್ಲ. ಅವಳು ಹೇಗೂ ಬಿಡುವವಳಲ್ಲ ಅಂತ ಆ ನಗು ನೋಡಿದಾಗಲೇ ತಿಳಿದಿತ್ತು. ಆದರೆ ಅವನು ನನಗೆ ಮೋಸ ಮಾಡಿದ. ಹೆದರಿದ ಹೆಂಗಸು ಹೌದು ಹೌದು ಅಂತ ಕೂಗುತ್ತಾಳೆಯೇ? ಧ್ವನಿ ತಿಳಿಯದಷ್ಟು ದಡ್ಡನಲ್ಲ ಅವನು. ಇಂಜಿನ್ನಿನ ಧ್ವನಿ ಕೇಳಿ ಯಾವ ಬೋಲ್ಟು ಸಡಿಲಾಗಿದೆ ಅನ್ನುವವನಿಗೆ ನನ್ನ ಧ್ವನಿ ತಿಳಿಯಲಿಲ್ಲವೇ?

ಅದಾದ ಮೇಲೆ ರವಿವಾರ ಸಂಜೆ ಆ ಸ್ಕೂಟರ್ ನಮ್ಮ ಬಾಗಿಲಿಗೆ ಬರತೊಡಗಿತು. ನಾನು ಕರೆದಿರಲಿಲ್ಲ. ರೊಟ್ಟಿ ಮುರಿದು ತಿನ್ನುತ್ತಾ ಪಲ್ಯಕ್ಕೆ ಉಪ್ಪು ಕಡಿಮೆ ಅನ್ನುತ್ತಿದ್ದ. ಕಡಿಮೆ ಇರುತ್ತಿರಲಿಲ್ಲ. ಒಂದು ದಿನ, ಆ ಹೋ ಅನ್ನುವುದನ್ನು ಸರಿಯಾಗಿ ಹೇಳಿಕೊಡಿ ಅಂದ. ಯಾಕೆ ಅಂದರೆ, ಇವಳಿಗೆ ವೇಗ ಹತ್ತಿದಾಗ ಬ್ರೇಕ್ ಅಂತ ಕೂಗಿದರೆ ಯಾಕೆ ಅಂತ ಯೋಚನೆ ಮಾಡುತ್ತಾಳೆ, ಆ ಯೋಚನೆಯಲ್ಲಿ ತಿರುವು ಬಂದುಬಿಡುತ್ತದೆ, ತಲೆಗೆ ಹೋಗದೆ ನೇರ ಕಾಲಿಗೆ ಹೋಗುವ ಒಂದು ಮಾತು ಬೇಕು ಅಂದ.

ಎತ್ತಿಗೆ ಅನ್ನುವುದನ್ನು ಮನುಷ್ಯರಿಗೆ ಅನ್ನುತ್ತೀಯಾ ಅಂದೆ. ನೀವೇ ಅಂದಿದ್ದೀರಲ್ಲ, ಸಣ್ಣವಳಿದ್ದಾಗಿನಿಂದ ಅಂದ. ಹುಡುಗಿ ಎಲ್ಲ ಹೇಳಿಬಿಟ್ಟಿದ್ದಳು.

ಹೇಳಿಕೊಟ್ಟೆ. ಕಿರುಚಿದರೆ ಎತ್ತು ಬೆದರಿ ಓಡುತ್ತದೆ, ಹೊಟ್ಟೆಯ ಬುಡದಿಂದ ತೆಗೆದು ಕೊನೆಗೆ ಧ್ವನಿ ಇಳಿಸಬೇಕು. ನನ್ನ ಅಡುಗೆಮನೆಯಲ್ಲಿ ನಿಂತು ಆ ಮುದುಕ ಹೋ, ಹೋ ಅಂತ ಕೂಗಿದ. ಮೇಲಿನ ಮನೆಯವಳು ಇಳಿದು ಬಂದು ಯಾರಿಗೆ ಏನಾಯಿತು ಅಂತ ಕೇಳಿದಳು. ಅವನಿಗೆ ಬರಲು ಭಾಳ ದಿನ ಹಿಡಿಯಿತು. ಗಂಟಲಿನಿಂದಲೇ ತೆಗೆಯುತ್ತಿದ್ದ. ನಿನ್ನ ಮಾತಿಗೆ ಎತ್ತಲ್ಲ, ಕೋಳಿನೂ ನಿಲ್ಲುವುದಿಲ್ಲ ಅಂದೆ. ಆದರೆ ಕಲಿತ. ಕಲಿಯುವುದರಲ್ಲಿ ಅವನಿಗೆ ನಾಚಿಕೆ ಇರಲಿಲ್ಲ, ಅದನ್ನು ಒಪ್ಪುತ್ತೇನೆ.

ಮುಂದಿನದು ನಾನು ನೋಡಿದ್ದಲ್ಲ, ಹುಡುಗಿ ಹೇಳಿದ್ದು. ಟ್ರ್ಯಾಕಿನಲ್ಲಿ ಒಂದು ಕಡೆ ದಿಬ್ಬ ಇದೆ, ಅದರಾಚೆ ಕಾಣದಂಥ ತಿರುವು. ಆ ದಿನ ಅಭ್ಯಾಸಕ್ಕೆ ಇವಳ ಮುಂದೆ ಒಬ್ಬ ಸಾಹುಕಾರ ಓಡಿಸುತ್ತಿದ್ದ. ಅವನ ಗಾಡಿ ಎಣ್ಣೆ ಚೆಲ್ಲಿ, ಬುಗುರಿಯ ಹಾಗೆ ತಿರುಗಿ, ದಿಬ್ಬದಾಚೆ ಗೋಡೆಗೆ ಬಡಿದು ದಾರಿಗೆ ಅಡ್ಡ ನಿಂತಿತು. ಇವಳಿಗೆ ಕಾಣುತ್ತಿರಲಿಲ್ಲ. ಮಾಸ್ತರ ದಿಬ್ಬದಾಚೆಯೂ ಕಾಣುವಂಥ ಅಟ್ಟಣಿಗೆಯ ಮೇಲೆ ನಿಂತಿದ್ದ, ಅವನ ಮಾತು ರೇಡಿಯೋದಲ್ಲಿ ಇವಳ ಹೆಲ್ಮೆಟ್ಟಿನೊಳಗೆ ಕೇಳುತ್ತಿತ್ತು. ಅವನು ಒಂದೇ ಸಲ ಹೋ ಅಂದನಂತೆ. ಕಿರುಚಲಿಲ್ಲವಂತೆ. ಹೊಟ್ಟೆಯ ಬುಡದಿಂದ ಅಂದನಂತೆ. ಯಾಕೆ ಅಂತ ಗೊತ್ತಾಗುವ ಮೊದಲೇ ಅವಳ ಕಾಲು ಒತ್ತಿತ್ತು. ದಿಬ್ಬದ ನೆತ್ತಿಯಲ್ಲಿ ಗಾಡಿ ನಿಂತಾಗ ಕೆಳಗೆ ಹೊಗೆ ಕಂಡಿತಂತೆ. ಆ ಸಾಹುಕಾರ ಬದುಕಿದ, ಆದರೆ ಬಹಳ ದಿನ ಹಾಸಿಗೆಯ ಮೇಲೆ ಇದ್ದ.

ಮನೆಗೆ ಬಂದು ಅಡುಗೆಮನೆಯ ಹೊಸ್ತಿಲ ಮೇಲೆ ಕೂತಳು. ತನ್ನ ಮುಂಗೈ ತಾನೇ ಹಿಡಿದುಕೊಂಡಿದ್ದಳು. "ಅಜ್ಜಿ, ನೀನ ಮುಂಗೈ ಜಗ್ಗಿದಂಗಾತು," ಅಂದಳು.

ನಾನು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಹಂಚಿನ ಮೇಲಿನದು ಕರಕಾಗಿತ್ತು, ಅದರ ಮೇಲೇ ಇನ್ನೊಂದು ಹಾಕಿದೆ.

ರವಿವಾರ ಅವನು ಬಂದ. ಬಸಿಯ ಚಹಾ ಕುಡಿದ. ನಾನು ಏನಾದರೂ ಅನ್ನುತ್ತೇನೆ ಅಂತ ದಾರಿ ನೋಡುತ್ತಿದ್ದ. ನಾನು ಹಿಟ್ಟು ನಾದುತ್ತಿದ್ದೆ. ಕೊನೆಗೆ ಅವನೇ, ಇವತ್ತಾದರೂ ಒಂದು ಒಳ್ಳೆಯ ಮಾತು ಬರಲಿ ಆಜಿ ಅಂದ. ಹುಡುಗಿಯನ್ನು ಬಾವಿಗೆ ನೂಕಿದವನೂ ನೀನೇ, ಹಗ್ಗ ಬಿಟ್ಟವನೂ ನೀನೇ, ಅದಕ್ಕೆ ಆರತಿ ಬೆಳಗಬೇಕೇ ಅಂದೆ. ಹಗ್ಗ ಹೊಸೆದದ್ದು ನೀವು ಅಂದ. ಉತ್ತರ ಇಲ್ಲದ ಹಾಗೆ ಮಾತಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಒಂದು ರೊಟ್ಟಿ ಹೆಚ್ಚಿಗೆ ಹಾಕಿದೆ, ಬಾಯಿ ಮುಚ್ಚಲಿ ಅಂತ.

ಅವನು ಗಾಡಿಯಲ್ಲಿ ಸಾಯಲಿಲ್ಲ. ಅಷ್ಟು ವರ್ಷ ಗೋಡೆಗಳ ಕಡೆ ಓಡಿದವನು ಹೋದ ಮಳೆಗಾಲದಲ್ಲಿ ಲಿವರ್ ಕೆಟ್ಟು ದವಾಖಾನೆಯ ಮಂಚದ ಮೇಲೆ ಮಲಗಿದ. ಕುಡಿಯುತ್ತಿದ್ದನೇ ಅಂದರೆ ಅದೂ ಇಲ್ಲ. ಅವನ ಕಡೆಯವರು ಅಂತ ಯಾರೂ ಇರಲಿಲ್ಲ. ಟ್ರ್ಯಾಕಿನವರು ಪಾಳಿಯ ಮೇಲೆ ಬಂದು ಕೂರುತ್ತಿದ್ದರು. ಹುಡುಗಿ ನನ್ನನ್ನೂ ಕರೆದುಕೊಂಡು ಹೋದಳು. ಈಗ ಅವನ ಜಾಗದಲ್ಲಿ ಅವಳೇ ಅಟ್ಟಣಿಗೆಯ ಮೇಲೆ ನಿಂತು ಕಲಿಸುತ್ತಾಳೆ, ಪುಣೆಯ ಸಾಹುಕಾರರು ನಮ್ಮಪ್ಪನ ಎತ್ತಿನ ಮಾತಿಗೆ ಬ್ರೇಕು ಒತ್ತುತ್ತಾರೆ. ಇದೂ ಅವನು ಹಚ್ಚಿದ ಹುಚ್ಚೇ. ದವಾಖಾನೆಯ ದಾರಿಯಲ್ಲಿ ಅವಳು ಎಡ ಅಂಚಿಗೆ ಹತ್ತಿಕೊಂಡು, ಹಾಲಿನವನ ಸೈಕಲ್ಲಿಗಿಂತ ಮೆಲ್ಲಗೆ ಕಾರು ನಡೆಸಿದಳು. ಹಿಂದಿನಿಂದ ರಿಕ್ಷಾದವರು ಬೈದರು. ಅವಳು ತಿರುಗಿ ನೋಡಲಿಲ್ಲ.

ಮಂಚದ ಮೇಲೆ ಅವನು ಎಷ್ಟು ಸಣ್ಣಗಾಗಿದ್ದ ಅಂದರೆ ಆ ಬೆರಳೇ ದೊಡ್ಡದಾಗಿ ಕಾಣುತ್ತಿತ್ತು. ಮೈಯೆಲ್ಲ ಅರಿಸಿನ ಬಳಿದ ಹಾಗೆ ಹಳದಿ. ಹುಡುಗಿ ಡಾಕ್ಟರನ್ನು ಕೇಳಲು ಹೊರಗೆ ಹೋದಳು. ನಾನು ಸ್ಟೂಲಿನ ಮೇಲೆ ಕೂತೆ. ಇಲ್ಲಿನ ಗಂಜಿಗೆ ಉಪ್ಪು ಸರಿಯಾಗಿದೆಯೇ ಅಂತ ಕೇಳಿದೆ. ಅವನು ನಗಲು ನೋಡಿದ, ಆಗಲಿಲ್ಲ. ಕಣ್ಣು ಮುಚ್ಚಿ ತೆರೆದು ನನ್ನನ್ನೇ ನೋಡಿದ.

"ರಾಗ ಗೇಲಾ ಕಾ, ಆಜಿ?" ಅಂದ. ಸಿಟ್ಟು ಹೋಯಿತೇ ಅಂತ.

ಅವನ ಕಣ್ಣುಗುಡ್ಡೆ ಮೇಲಕ್ಕೆ ಹೊರಳುತ್ತಿತ್ತು. ಹೊರಟಿದ್ದ. ನನಗೆ ತಿಳಿಯಿತು.

"ಹೋ," ಅಂದೆ.

ಹೊಟ್ಟೆಯ ಬುಡದಿಂದ ಅಂದೆ, ಕೊನೆಗೆ ಧ್ವನಿ ಇಳಿಸಿ, ಅವನಿಗೆ ಕಲಿಸಿದ ಹಾಗೆಯೇ. ಅವನ ಮುಖ ಅರಳಿತು, ಅವತ್ತು ಗಾಡಿಯಲ್ಲಿ ಅರಳಿದ ಹಾಗೆ. ಹೌದು ಅಂದಳು ಅಂತ ತಿಳಿದುಕೊಂಡು ಕಣ್ಣು ಮುಚ್ಚಿದ.

ನಾನು ಅಂದದ್ದು ಕನ್ನಡದಲ್ಲಿ. ಅವನು ನಿಲ್ಲಲಿಲ್ಲ. ನನ್ನ ಮಾತು ಅವನು ಎಂದೂ ಕೇಳಿದವನಲ್ಲ.