ಕೈಗುಣದವಳಿಗೆ ಬಂದ ಹಸಿರು ಟೋಪಿ

ಮತ್ತೆ ಹಸಿರು ಟೋಪಿ!

ಪೆಟ್ಟಿಗೆ ಗಡಗಡ ನಡುಗಿತು, ಬಂಗಾರದ ಬೆಳಕು ಚೆಲ್ಲಿತು, ಢಂ ಅಂತ ಮುಚ್ಚಳ ತೆರೆಯಿತು... ಒಳಗೆ ಅದೇ ಹಸಿರು ಟೋಪಿ. ನನ್ನ ಹತ್ತಿರ ಆಗಲೇ ರಾಶಿ ಬಿದ್ದಿರುವಂಥದ್ದು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಾವು ಮೂವರು ಸೇರಿ ಮೊಬೈಲ್‌ನಲ್ಲಿ ಬಂದೂಕು ಹಿಡಿದು ಕಾದಾಡುವ ಒಂದು ಗೇಮ್ ಆಡುತ್ತೇವೆ. ನಾನು ಬಳ್ಳಾರಿ ಸತ್ಯನಾರಾಯಣಪೇಟೆಯಲ್ಲಿ ಬ್ಲೌಸ್ ಹೊಲಿಯುವವಳು, ತಮ್ಮ ವೀರೇಶನದು ಕುರುಗೋಡಿನಲ್ಲಿ ಹಾರ್ಡ್‌ವೇರ್ ಅಂಗಡಿ, ಚಿಕ್ಕಮ್ಮನ ಮಗಳು ಶಿವಲೀಲಾ ಇರುವುದು ಸಿರುಗುಪ್ಪದಲ್ಲಿ. ಊರು ಬೇರೆಯಾದರೂ ಸಂಜೆಯಾದರೆ ಕಾಲ್‌ನಲ್ಲಿ ಮಾತಾಡುತ್ತಾ ಆಡುವ ಒಂದೇ ಟೀಮ್.

ಗೆದ್ದಾಗ ಸಿಗುವ ಕೀಲಿಗಳನ್ನು ಕೂಡಿಸಿಟ್ಟರೆ ಟೀಮಿಗೆ ಒಂದು ಪೆಟ್ಟಿಗೆ ತೆರೆಯಲು ಸಿಗುತ್ತದೆ. ಒಳಗೇನಿದೆ ಅಂತ ಮೊದಲೇ ಗೊತ್ತಾಗುವುದಿಲ್ಲ. ನಮಗೆ ಬೇಕಾಗಿದ್ದು ಗೇಮಿನೊಳಗಿನ ನಮ್ಮ ಗೊಂಬೆಯ ಭುಜದ ಮೇಲೆ ಕೂರುವ ಚಿನ್ನದ ಹದ್ದು.

ತೆರೆಯುವ ಕೆಲಸ ಯಾವಾಗಲೂ ನನ್ನದೇ. ಯಾಕೆಂದರೆ ನನ್ನ ಕೈಗುಣ ಒಳ್ಳೆಯದು ಅಂತ ಬಳಗದಲ್ಲೆಲ್ಲ ಹೆಸರು.

ನಾನು ನೆಟ್ಟ ಕರಿಬೇವು ಓಣಿಗೆಲ್ಲ ಆಗಿ ಮಿಗುತ್ತದೆ. ತೆಕ್ಕಲಕೋಟೆಯ ದೊಡ್ಡಪ್ಪ ಭತ್ತದ ಮೊದಲ ಸಸಿಯನ್ನು ನನ್ನ ಕೈಯಿಂದಲೇ ನೆಡಿಸುತ್ತಾರೆ. ವೀರೇಶನ ಅಂಗಡಿಗೆ ಬೋಣಿ ಮಾಡಿದವಳೂ ನಾನೇ. ಒಂದು ಬೀಗ ಕೊಂಡಿದ್ದೆ, ಅವತ್ತಿನಿಂದ ಅವನಿಗೆ ಊಟಕ್ಕೆ ಪುರುಸೊತ್ತಿಲ್ಲ.

"ಅಕ್ಕ, ನೀನ ತೆಗಿ. ನಿನ್ನ ಕೈಗುಣ ಚಲೋ ಐತಿ" ಅಂದರು ಇಬ್ಬರೂ. ನಾನೂ ಪೂರಿಯ ಹಾಗೆ ಉಬ್ಬಿದೆ.

ತೆಗೆದೆ. ಹಸಿರು ಟೋಪಿ. ಮತ್ತೆ ಕೀಲಿ ಕೂಡಿಸಿದೆವು, ತೆಗೆದೆ. ಹಸಿರು ಟೋಪಿ. ಕೈಕಾಲು ತೊಳೆದು, ದೇವರಿಗೆ ದೀಪ ಹಚ್ಚಿ ತೆಗೆದೆ. ಟೋಪಿಯ ಜೊತೆಗೆ ಒಂದು ಹರಕು ಚೀಲ...

ಜನ ಟೋಪಿ ಹಾಕುತ್ತಾರೆ ಅಂತ ಕೇಳಿದ್ದೆ. ಇವರು ನಿಜವಾಗಿಯೂ ಟೋಪಿಯನ್ನೇ ಕೊಟ್ಟು ಕಳಿಸುತ್ತಾರೆ!

ಅವತ್ತು ಎದುರು ಟೀಮಿನವನೊಬ್ಬ, ಬಂದೂಕು ಹಿಡಿಯಲೂ ಬಾರದವನು, ಭುಜದ ಮೇಲೆ ಹದ್ದು ಕೂರಿಸಿಕೊಂಡು ನಮ್ಮ ಮುಂದೆಯೇ ಕುಣಿದ. ನನಗೆ ಹೊಟ್ಟೆ ಉರಿದುಹೋಯಿತು. ಸೋತರೆ ನನಗೆ ಸಿಟ್ಟು ಬರುವುದಿಲ್ಲ, ಆಟ ಅಂದಮೇಲೆ ಸೋಲೂ ಇರುತ್ತದೆ. ಆದರೆ ಇಲ್ಲಿ ಗೆದ್ದ ಮೇಲೂ ಪೆಟ್ಟಿಗೆಯ ಮುಂದೆ ಕೈಚಾಚಿ ನಿಲ್ಲಬೇಕು. ಇದು ಯಾವ ಸೀಮೆಯ ನ್ಯಾಯ?

ಆಗ ವೀರೇಶ ನಗುತ್ತಾ ಅಂದುಬಿಟ್ಟ, "ನಿನ್ನ ಕೈಗುಣ ಮುಗೀತು ಬಿಡಕ್ಕ."

ಶಿವಲೀಲಾ ನಗಲಿಲ್ಲ. ಥಟ್ಟನೆ ಕಾಲ್ ಕಟ್ ಮಾಡಿದಳು.

ಅವಳಿಗೂ ಹಾಗೇ ಅನ್ನಿಸಿತೇನೋ ಅಂತ ನನಗೆ ಭಯವಾಯಿತು. ಯಾಕೆಂದರೆ ಅವಳು ಇದ್ದ ಕೆಲಸ ಬಿಟ್ಟು ಸಿರುಗುಪ್ಪದಲ್ಲಿ ಮಂಡಕ್ಕಿ ಒಗ್ಗಾಣಿ-ಮಿರ್ಚಿ ಹೋಟೆಲ್ ತೆರೆಯುವವಳಿದ್ದಳು. ಮೊದಲ ಮಿರ್ಚಿ ಎಣ್ಣೆಗೆ ಬಿಡಬೇಕಾದವಳು ನಾನು. ಅದು ಹೋಟೆಲ್‌ಗೆ ಜಾಗ ಹುಡುಕುವ ಮೊದಲೇ ಆದ ಮಾತು.

ನಿಜಕ್ಕೂ ನನ್ನ ಕೈ ಕೆಟ್ಟಿದ್ದರೆ? ನಾಳೆ ಅವಳ ಹೋಟೆಲ್ ನಡೆಯದೆ ಹೋದರೆ? ಅವಳು ಬಾಯಿಬಿಟ್ಟು ಅನ್ನಲಿಕ್ಕಿಲ್ಲ, ನನ್ನನ್ನು ನಾನೇ ಬೈದುಕೊಂಡು ಸಾಯುತ್ತೇನೆ. ಇದೇ ಯೋಚನೆಯಲ್ಲಿ ಯಾರದೋ ಬ್ಲೌಸಿನ ತೋಳನ್ನು ಉಲ್ಟಾ ಕೂರಿಸಿ ಮತ್ತೆ ಬಿಚ್ಚಿದೆ.

ಓಪನಿಂಗ್‌ನ ಹಿಂದಿನ ದಿನ ಚಿಕ್ಕಮ್ಮನ ಫೋನ್ ಬಂತು. ಮೈಯಲ್ಲಿ ಹುಷಾರಿಲ್ಲ, ಬರುವುದಿಲ್ಲ ಅಂದೆ. ಚಿಕ್ಕಮ್ಮ ಬಿಡುವ ಪೈಕಿಯವರಲ್ಲ. ಕೆದಕಿ ಕೆದಕಿ ಕೇಳಿದಾಗ ಪೆಟ್ಟಿಗೆ, ಟೋಪಿ, ಹದ್ದು, ಎಲ್ಲ ಹೇಳಿಬಿಟ್ಟೆ.

"ಆ ಹದ್ದು ಏನ್ ಮಾಡ್ತೈತಿ?"

"ಏನೂ ಮಾಡಂಗಿಲ್ಲ ಚಿಕ್ಕಮ್ಮ. ಸುಮ್ನ ಕುಂತಿರತೈತಿ."

ಅವರು ನಕ್ಕ ನಗುವಿಗೆ ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು.

"ಹುಚ್ಚಿ, ಚೀಟಿ ಎತ್ತಾಕ ಯಾವತ್ತರ ನಿನ್ನ ಕರದೀವೇನು? ಸಸಿ ಹಚ್ಚಾಕ ಕರದೀವಿ, ಒಲಿ ಹಚ್ಚಾಕ ಕರದೀವಿ. ಕೈಗುಣ ಇಡೋ ಕೈಗೆ ಇರತೈತಿ, ತಗೊಳ್ಳೋ ಕೈಗಲ್ಲ. ಮುಂಜಾನಿ ಲಗೂನ ಬಾ."

ಫೋನ್ ಇಟ್ಟ ಮೇಲೆ ಹೊಳೆಯಿತು. ಹೌದಲ್ಲ! ಇಷ್ಟು ವರ್ಷದಲ್ಲಿ ಚೀಟಿ ಎತ್ತಲು ನನ್ನನ್ನು ಒಬ್ಬರೂ ಕರೆದಿಲ್ಲ. ನಾವು ಮೂವರು ಜಾಣರು ಸೇರಿ ಕೈಗುಣವನ್ನೂ ಅದೃಷ್ಟವನ್ನೂ ಒಂದೇ ಮಾಡಿಕೊಂಡಿದ್ದೆವು.

ಆಮೇಲೆ ಗೇಮ್ ತೆರೆದು ನೋಡಿದರೆ, ಪೆಟ್ಟಿಗೆಯ ಮೂಲೆಯಲ್ಲಿ ಇರುವೆಯಂಥ ಅಕ್ಷರದಲ್ಲಿ ಬರೆದೇ ಇದೆ. ಹದ್ದು ಸಿಗುವ ಸಾಧ್ಯತೆ ನೂರಕ್ಕೆ ಒಂದೂ ಇಲ್ಲ. ಯಾರ ಕೈಯಾದರೂ ಅಷ್ಟೇ.

ಬೆಳಿಗ್ಗೆ ಬಸ್ಸು ಹತ್ತಿದೆ. ಹೋಟೆಲಿನ ಬಾಗಿಲಲ್ಲೇ ಸಿಕ್ಕ ಶಿವಲೀಲಾಳನ್ನು ಮೊದಲು ಕೇಳಿದ್ದು ಅದನ್ನೇ, ಅವತ್ತು ಯಾಕೆ ಕಾಲ್ ಕಟ್ ಮಾಡಿದೆ ಅಂತ.

"ವೀರೇಶಣ್ಣನ ಮ್ಯಾಲ ಸಿಟ್ಟು ಬಂದಿತ್ತಕ್ಕ. ನಿನ್ನ ಕೈಗೆ ಹಂಗ ಅನ್ನಬಹುದೇನು?"

ಅಲ್ಲೇ ಕಣ್ಣು ತುಂಬಿಬಂತು. ಇಷ್ಟು ದಿನ ಸುಮ್ಮನೆ ಒದ್ದಾಡಿದ್ದೆ.

ಎಣ್ಣೆ ಕಾದಿದೆ. ಹಿಟ್ಟಿನಲ್ಲಿ ಅದ್ದಿದ ಮೆಣಸಿನಕಾಯಿ ನನ್ನ ಕೈಯಲ್ಲಿದೆ. ಬಿಡುತ್ತೇನೆ... ಚುರ್ ಅನ್ನುತ್ತದೆ, ಮುಳುಗುತ್ತದೆ, ಮೆಲ್ಲಗೆ ಉಬ್ಬಿ ಮೇಲೆ ಬರುತ್ತದೆ. ನಾನು ಹಿಡಿದಿಟ್ಟ ಉಸಿರನ್ನು ಬಿಡುತ್ತೇನೆ.

ಮೊದಲ ಗಿರಾಕಿ, ರೂಪನಗುಡಿ ಕಡೆಯ ಹಿರಿಯರೊಬ್ಬರು, ತಿಂದು ಮುಗಿಸಿ ಇನ್ನೊಂದು ಪ್ಲೇಟ್ ಕೇಳಿದರು. ಕುರುಗೋಡಿನಿಂದ ಬಂದಿದ್ದ ವೀರೇಶ ಅವರಿಗಿಂತ ಹೆಚ್ಚು ತಿಂದ, ಕೈಗುಣದ ಸುದ್ದಿ ಎತ್ತಲಿಲ್ಲ.

ಈಗ ಹೋಟೆಲ್‌ನಲ್ಲಿ ಹೊತ್ತೇರುವ ಮೊದಲೇ ಒಗ್ಗಾಣಿ ಖಾಲಿಯಾಗುತ್ತದೆ. ಅದಕ್ಕೆ ನನ್ನ ಕೈಗಿಂತ ಶಿವಲೀಲಾಳ ಕೈರುಚಿಯೇ ಕಾರಣ, ಅದು ನನಗೂ ಗೊತ್ತು.

ಗೇಮ್ ಬಿಟ್ಟಿಲ್ಲ. ಕೀಲಿಗಳು ರಾಶಿ ಬಿದ್ದಿವೆ, ಪೆಟ್ಟಿಗೆ ಮಿಣುಕುತ್ತಾ ತೆರಿ ತೆರಿ ಅಂತ ಕರೆಯುತ್ತಲೇ ಇರುತ್ತದೆ. ನಾವು ಮುಟ್ಟುವುದಿಲ್ಲ. ಮೂವರೂ ಹಸಿರು ಟೋಪಿ ಹಾಕಿಕೊಂಡು ಆಡುತ್ತೇವೆ, ಈಗ ಅದೇ ನಮ್ಮ ಯೂನಿಫಾರ್ಮ್.

ನಿಮ್ಮ ಮನೆಯಲ್ಲಿ ಕೈಗುಣ ಯಾರದು? ಅವರ ಕೈಗೆ ಸಸಿ ಕೊಡಿ, ಪೆಟ್ಟಿಗೆ ಕೊಡಬೇಡಿ.