ಕಂಬದ ಮೇಲಿನ ರೇಂಜ್

ನಮ್ಮ ಕಡೆ ರೇಂಜ್ ಎಂಬ ಶಬ್ದಕ್ಕೆ ಪುರುಸೊತ್ತೇ ಇಲ್ಲ. ಯಲ್ಲಾಪುರದಲ್ಲಿ ಅರಣ್ಯ ಇಲಾಖೆಗೆ ಅಲೆದವರು 'ರೇಂಜ್ ಆಫೀಸಲ್ಲಿ ಕೆಲ್ಸ ಇತ್ತು' ಎನ್ನುತ್ತಾರೆ. ಶಿರಸಿಯ ಸೀರೆ ಅಂಗಡಿಯವನು ನನ್ನ ಮುಖ ನೋಡಿ, 'ಯಾವ ರೇಂಜಲ್ಲಿ ತೋರಿಸ್ಲಿ?' ಎಂದರೆ ಮೈಯೆಲ್ಲ ಉರಿಯುತ್ತದೆ. ಹೊಸ ಕಾರು ತಂದ ನೆಂಟರ 'ರೇಂಜೇ ಬೇರೆ'. ಆದರೆ ನಂದೊಳ್ಳಿಯ ನಮ್ಮ ಮನೆಗೆ ರೇಂಜ್ ಎಂದರೆ ಗೋಬರ್ ಗ್ಯಾಸ್ ಟ್ಯಾಂಕಿನ ಪಕ್ಕದ ಕಂಬ. ಕರೆಂಟು ಹೋದರೆ ವೈಫೈಯೂ ಇಲ್ಲವಲ್ಲ, ಆಗ ಆ ಕಂಬಕ್ಕೆ ಕೈಚೀಲ ನೇತುಹಾಕಿ ಮೊಬೈಲನ್ನು ಅದರಲ್ಲಿಡುತ್ತೇವೆ. ರಿಂಗಾದರೆ ಹತ್ತಿರ ಇದ್ದವರು ಓಡಬೇಕು.

ಅಕ್ಕನಿಗೆ ಹುಬ್ಬಳ್ಳಿಯಲ್ಲಿ ಹೃದಯದ ಆಪರೇಷನ್ ಇದ್ದ ದಿನ ಕರೆಂಟು ಇರಲಿಲ್ಲ. ಮಗಳಿಗೆ ಜ್ವರ, ನಾನು ಹೋಗುವಂತಿರಲಿಲ್ಲ. 'ಒಳಗೆ ಹೋಗಕ್ಕಿಂತ ಮೊದ್ಲು ಫೋನ್ ಮಾಡ್ತೆ' ಎಂದಿದ್ದಳು ಅಕ್ಕ. ಬೆಳಿಗ್ಗೆಯಿಂದ ನಿಂತಲ್ಲಿ ನಿಲ್ಲಲಾಗಲಿಲ್ಲ. ದೋಸೆ ಸೀದಿತು, ಪಾಪದ ಮಗಳಿಗೆ ಸುಮ್ಮಸುಮ್ಮನೆ ಬೈದೆ. ಇನ್ನೂ ಯಾಕೆ ರಿಂಗಾಗಲಿಲ್ಲ ಎಂದು ತಡೆಯಲಾರದೆ ಕಂಬದ ಹತ್ತಿರ ಹೋದರೆ ಚೀಲವೇ ಇಲ್ಲ!

'ಮಂಗ ಬಂದಿತ್ತು ತಂಗೀ. ಹೊತ್ಕಂಡು ಹೋಗ್ತು ಹೇಳಿ ಒಳಗೆ ತಂದಿಟ್ಟಿ' ಎಂದರು ಅತ್ತೆ. ದೇವರ ಕೋಣೆಯ ಗೂಡಿನಲ್ಲಿ, ಜೋಪಾನವಾಗಿ. ಅಲ್ಲಿ ರೇಂಜ್ ಒಂದು ಗೀಟೂ ಇಲ್ಲ.

'ಅಯ್ಯೋ ಅತ್ತೆ, ಮಂಗನೇ ಒಯ್ದಿದ್ರೂ ಮರದ ಮೇಲೆ ರೇಂಜ್ ಸಿಕ್ತಿತ್ತು!' ಎಂದು ಕೂಗಿಬಿಟ್ಟೆ.

ಕಂಬಕ್ಕೆ ಓಡಿ ಭಾವನಿಗೆ ಫೋನ್ ಮಾಡಿದೆ. 'ಈಗಷ್ಟೇ ಥಿಯೇಟರ್ ಒಳಗೆ ಕರ್ಕಂಡ್ ಹೋದ್ರು. ನಿನ್ನಕ್ಕ ನಿಂಗೆ ಎಷ್ಟು ಸಲ ಮಾಡಿದ್ದು! ಎಂತದೋ ಹೇಳಕಾಗಿತ್ತಡ' ಎಂದರು.

ಎಂತದು? ಸಂಜೆಯವರೆಗೂ ಆ ಕಂಬ ಸುತ್ತಿದೆ. ಅಮ್ಮನ ವಿಷಯವೇ? ತನ್ನ ಮಗನನ್ನು ನೋಡಿಕೋ ಎಂದೇ? ಹೇಳದೆಯೇ ಹೋಗಿಬಿಟ್ಟರೆ? ಅತ್ತೆ ಕಾಫಿ ಹಿಡಿದು ಅಲ್ಲಿಗೇ ಬಂದರು. ಲೋಟ ತೆಗೆದುಕೊಂಡೆ, ಮುಖ ಕೊಟ್ಟು ಮಾತಾಡಲಿಲ್ಲ.

ಆಪರೇಷನ್ ಸರಿಯಾಯಿತು. ಅಕ್ಕನಿಗೆ ಮಾತಾಡಲು ಬಿಟ್ಟ ದಿನ ಆರೋಗ್ಯ ಗೀರೋಗ್ಯ ಏನೂ ಕೇಳಲಿಲ್ಲ.

'ಅವತ್ತು ಎಂತ ಹೇಳಕಾಗಿತ್ತೇ ಅಕ್ಕಾ?'

ಅಂಗಳಕ್ಕೆ ಬಂದ ಹಾವನ್ನು ಒಬ್ಬಳೇ ಅಟ್ಟುತ್ತಿದ್ದ ನನ್ನ ಅಕ್ಕ ದನಿ ತಗ್ಗಿಸಿದಳು.

'ಎಂತ ಇಲ್ಲೆ ಮಾರಾಯ್ತಿ. ಹೆದರಿಕೆ ಆಗಿತ್ತು, ಅಷ್ಟೇಯ.'