ಏಳನೆಯ ಚಾನೆಲ್

ನಮ್ಮ ದೊಡ್ಡಪ್ಪ ಟೆಲಿಫೋನ್ ರಿಪೇರಿ ಮಾಡುತ್ತಿದ್ದರು. ಮೆಟ್ಟಿಲ ಕೆಳಗೆ ಗೂಡಿನಂಥ ಅಂಗಡಿ, ಎದ್ದು ನಿಂತರೆ ತಲೆ ತಾಗುತ್ತಿತ್ತು. ಹಳೆಯ ಕಾರ್ಡ್‌ಲೆಸ್ ಸೆಟ್ಟುಗಳನ್ನು ತಂದು, ಬ್ಯಾಟರಿ ಬದಲಿಸಿ, ಗೊರಗೊರ ಸದ್ದು ಹೋಗುವಂತೆ ಮಾಡಿ ಮಾರುತ್ತಿದ್ದರು. ಆ ಬೀದಿಯಲ್ಲಿ ಏಳನೆಯ ಚಾನೆಲ್ ಒಂದರಲ್ಲೇ ಮಾತು ಸ್ಪಷ್ಟವಾಗಿ ಕೇಳುತ್ತಿದ್ದುದರಿಂದ ಎಲ್ಲ ಸೆಟ್ಟಿಗೂ ಏಳನ್ನೇ ಕೂರಿಸುತ್ತಿದ್ದರು. "ನನ್ನ ಕೈ ದಾಟಿದ ಫೋನು ಗೊರಗುಟ್ಟಲ್ಲ" ಎನ್ನುವುದು ಅವರ ಹೆಮ್ಮೆ.

ಮಹಡಿಯಲ್ಲಿ ಟೈಲರ್ ಹೆಂಗಸೊಬ್ಬಳಿದ್ದಳು. ಹೊಡೆಯುವ ಗಂಡನನ್ನು ಬಿಟ್ಟು ಬಂದವಳು. ಮಗಳನ್ನು ಎತ್ತಿಕೊಂಡು ಹೋಗುತ್ತೇನೆಂದು ಅವನು ಹೇಳಿಕೊಂಡು ತಿರುಗುತ್ತಿದ್ದುದರಿಂದ, ಮಗುವನ್ನು ದೂರದ ತಂಗಿಯ ಮನೆಯಲ್ಲಿ ಬಚ್ಚಿಟ್ಟಿದ್ದಳು. ಅವಳ ಫೋನು ಗಿರಾಕಿಗಳು ಕೂರುವ ಮುಂದಿನ ಕೋಣೆಯಲ್ಲಿತ್ತು. ಮಗಳೊಡನೆ ಮನಬಿಚ್ಚಿ ಮಾತಾಡುವಂತಿರಲಿಲ್ಲ. ದೊಡ್ಡಪ್ಪನೇ ಕಾರ್ಡ್‌ಲೆಸ್ ಕೊಟ್ಟರು.

"ಒಳಗೆ ಹೋಗಿ ಬಾಗ್ಲು ಹಾಕ್ಕೊಂಡು ಮಾತಾಡಮ್ಮ. ಕದ್ದು ಕೇಳೋಕೆ ವೈರೇ ಇಲ್ವಲ್ಲ!"

ಮೂರು ತಿಂಗಳ ಮೇಲೆ ಎದುರಿನ ಹೇರ್ ಕಟಿಂಗ್ ಅಂಗಡಿಯವನು ನಗುತ್ತಾ ಬಂದ. "ಅಣ್ಣಾ, ನೀವು ನಂಗೆ ಕೊಟ್ಟ ಫೋನು ಭಾರೀ ಘಾಟಿ. ಮಧ್ಯಾಹ್ನ ಎತ್ತಿದ್ರೆ ಸಾಕು, ಮಹಡಿ ಅಕ್ಕನ ಮಾತು. ಪುಕ್ಕಟೆ ರೇಡಿಯೋ!"

"ಏನ್ ಕೇಳಿಸ್ತು?"

"ಯಾವ್ದೋ ಶಾಲೆ ಹೆಸ್ರು, ನೀಲಿ ಗೇಟು, ಬಸ್ ನಂಬರ್ರು... ನಂಗ್ಯಾಕೆ ಬಿಡಿ, ಇಟ್ಬಿಡ್ತೀನಿ."

"ಬೇರೆ ಯಾರಾದ್ರೂ ಕೇಳಿದ್ರಾ?"

"ಕಾಯ್ತಾ ಕೂತೋರು ಸುಮ್ನಿರ್ತಾರಾ? ಒಬ್ರಾದ್ಮೇಲೊಬ್ರು ಕಿವಿಗಿಟ್ಕೊಳ್ತಾರೆ."

ದೊಡ್ಡಪ್ಪ ಕೈಯಲ್ಲಿದ್ದ ಕೆಲಸ ಕೆಳಗಿಟ್ಟರು. ಅವಳ ಗಂಡನ ಗೆಳೆಯರು ಹರಟೆಗೆ ಕೂರುತ್ತಿದ್ದದ್ದು ಅದೇ ಅಂಗಡಿಯಲ್ಲಿ. ವೈರು ಇರುವುದು ಗೋಡೆಯಿಂದ ಬೇಸ್ ಪೆಟ್ಟಿಗೆಯವರೆಗೆ ಮಾತ್ರ. ಅಲ್ಲಿಂದ ಕೈಯಲ್ಲಿರುವ ಫೋನಿಗೆ ಮಾತು ಹೋಗುವುದು ರೇಡಿಯೋ ಅಲೆಯಾಗಿ. ಬಾಗಿಲು ಹಾಕಿದರೆ ಅದು ನಿಲ್ಲುವುದಿಲ್ಲ. ಎಷ್ಟೋ ಹೊಸ ಸೆಟ್ಟುಗಳು ಮಾತನ್ನು ಸಂಕೇತವಾಗಿ ಬದಲಿಸಿ ಕಳಿಸುತ್ತವೆ. ಇವು ಹಳೆಯವು, ಆಡಿದ್ದನ್ನು ಆಡಿದಂತೆಯೇ ಬೀದಿಗೆ ಬಿಡುತ್ತಿದ್ದವು. ಎರಡೂ ಸೆಟ್ಟಿಗೆ ಒಂದೇ ಚಾನೆಲ್ ಕೂರಿಸಿದವರು ತಾವೇ.

ಹಳೆಯ ವೈರಿನ ಫೋನೊಂದನ್ನು ಕಂಕುಳಲ್ಲಿ ಇರುಕಿಕೊಂಡು ಮೆಟ್ಟಿಲು ಹತ್ತಿದರು. ವಿಷಯ ಹೇಳಿದಾಗ ಹೊಲಿಗೆ ಯಂತ್ರದ ಚಕ್ರ ನಿಂತಿತು.

"ಎಷ್ಟು ದಿನದಿಂದ, ಅಣ್ಣ?"

"ನಾನು ಕೊಟ್ಟ ದಿನದಿಂದ."

"ಯಾರೂ ಕೇಳಲ್ಲ ಅಂದಿದ್ರಿ."

"ಅಂದಿದ್ದೆ ತಾಯಿ."

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ದೊಡ್ಡಪ್ಪ ನನಗೆ ಹೇಳಿದ್ದುಂಟು. ಅವರು ಕಾರ್ಡ್‌ಲೆಸ್ ಕಿತ್ತು ವೈರಿನ ಫೋನು ಜೋಡಿಸಿದರು. ಲೈನ್ ಬಂದ ಕೂಡಲೇ ಅವಳು, "ನೀವೂ ಹೊರಗಿರಿ" ಎಂದಳು.

ಬಾಗಿಲಾಚೆ ನಿಂತರೂ ಅವಳು ತಂಗಿಗೆ ಹೇಳುತ್ತಿದ್ದದ್ದು ಕೇಳಿಸಿತು. "ಈಗ್ಲೇ ಶಾಲೆಗೆ ಓಡು. ಮಗೂನ ಮನೆಗೆ ಕರ್ಕೊಂಡ್ ಹೋಗು. ಯಾಕೆ ಅಂತ ಆಮೇಲೆ ಹೇಳ್ತೀನಿ."

ಮುಕ್ಕಾಲು ಗಂಟೆ ಕಳೆಯಿತು. ದೊಡ್ಡಪ್ಪ ಮೆಟ್ಟಿಲಲ್ಲೇ ಕೂತಿದ್ದರು. ಫೋನು ರಿಂಗಾಯಿತು. ಮಗು ತಂಗಿಯ ಕೈಸೇರಿತ್ತು. ಆದರೆ ಹಿಂದಿನ ದಿನ ಯಾರೋ ಒಬ್ಬ ಶಾಲೆಯ ಗೇಟಿನ ಬಳಿ ಮಗುವಿನ ಹೆಸರು ಹಿಡಿದು ವಿಚಾರಿಸಿ ಹೋಗಿದ್ದನಂತೆ.

ವಾರದೊಳಗೆ ತಂಗಿ ಮನೆ ಬದಲಿಸಿದಳು. ಎಲ್ಲಿಗೆಂದು ದೊಡ್ಡಪ್ಪ ಕೇಳಲಿಲ್ಲ. ಬೀದಿಯಲ್ಲಿ ಕಾರ್ಡ್‌ಲೆಸ್ ಕೊಂಡ ಮನೆಮನೆಗೂ ಹೋಗಿ, "ನಡುಬೀದೀಲಿ ನಿಂತು ಕೂಗಿ ಹೇಳೋ ಅಂಥದ್ದು ಮಾತ್ರ ಇದ್ರಲ್ಲಿ ಮಾತಾಡಿ" ಎಂದು ಹೇಳಿ ಬಂದರು. ಎಷ್ಟೋ ಜನ ನಕ್ಕರು.

ಮುಂದೊಮ್ಮೆ ಮಹಡಿಯವಳ ಆ ವೈರಿನ ಫೋನು ಕೆಟ್ಟಿತು. ಅವಳು ಕರೆಸಿದ ಬೇರೆ ರಿಪೇರಿಯವನೊಬ್ಬ ಚೀಲ ಹಿಡಿದು ದೊಡ್ಡಪ್ಪನ ತಲೆಯ ಮೇಲಿನ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಿಹೋದ. ದೊಡ್ಡಪ್ಪ ತಲೆ ಎತ್ತದೆ ಬೆಸುಗೆ ಹಾಕುತ್ತಲೇ ಇದ್ದರು.